ಡಿ3200ಕ್ಕೆ ಹಕ್ಕಿ ಲೆನ್ಸ್, ಬಜೆಟ್ 45 ಸಾವಿರ: 70-300 ಸಾಕಾ, ಹಳೇ 150-600 ತಗೋಬೇಕಾ?

ಭತ್ತದಗದ್ದಿ (ಸಿಂಧನೂರು)
ಕ್ಯಾಮೆರಾ ಬಾಡಿ ನಿಕಾನ್ ಡಿ3200. ಜೊತಿಗೆ ಬಂದ 18-55 ಎಂಎಂ ಬಿಟ್ರ ಬ್ಯಾರೆ ಲೆನ್ಸ್ ಇಲ್ಲ. ತೆಗೆಯೋದು ಹೆಚ್ಚಾಗಿ ಕಾಲುವಿ ದಂಡಿ, ಗದ್ದಿ ಬದುವಿನ ಹಕ್ಕಿ: ಮಿಂಚುಳ್ಳಿ, ಕಳ್ಳಿಪೀರ, ನೀಲಕಂಠ, ಗೀಜಗ. ಚಳಿಗಾಲದಾಗ ತುಂಗಭದ್ರಾ ಹಿನ್ನೀರಿಗೆ ಬರೋ ಪಟ್ಟೆತಲೆ ಹೆಬ್ಬಾತು ಬೇಕು, ದರೋಜಿ ಕರಡಿಧಾಮದ ಕಡೆ ಹಳದಿ ಕೊರಳಿನ ಪಿಕಳಾರ ಸಿಕ್ರ ಅದೂ ಬೇಕು. ಬಜೆಟ್ 45 ಸಾವಿರ, ಅದರಾಗ ಎಲ್ಲಾ ಮುಗೀಬೇಕು. ಹೊಸಾದು ಎಎಫ್-ಪಿ 70-300 ನೋಡೀನಿ. ಹೈದರಾಬಾದಿನವರೊಬ್ರು ಹಳೇ ಟ್ಯಾಮ್ರಾನ್ 150-600 ಕೊಡ್ತೀನಿ ಅಂತಾರ. ಯಾವುದಕ್ಕ ರೊಕ್ಕ ಹಾಕ್ಲಿ?

ಬಂಡೆಗೂಬೆ (ಬಳ್ಳಾರಿ)
ಮೊದ್ಲು ಎಎಫ್-ಪಿ ಆರ್ಡರ್ ಹಾಕಿದ್ರೆ ಕ್ಯಾನ್ಸಲ್ ಮಾಡಿ. ಡಿ3200 ಮೇಲೆ ಎಎಫ್-ಪಿ ಲೆನ್ಸ್ ಫೋಕಸ್ಸೇ ಆಗಲ್ಲ. ಆಟೋ ಅಷ್ಟೇ ಅಲ್ಲ, ಕೈಯಿಂದ ರಿಂಗ್ ತಿರುಗಿಸಿದ್ರೂ ಆಗಲ್ಲ, ಯಾಕಂದ್ರೆ ಅದರ ರಿಂಗು ಕೂಡ ಎಲೆಕ್ಟ್ರಾನಿಕ್. ಡಿ3100, ಡಿ5100, ಡಿ7000, ಡಿ90 ಇವಕ್ಕೂ ಅದೇ ಕಥೆ. ಡಿ3300, ಡಿ5300ರಿಂದ ಮುಂದಿನ ಬಾಡಿಗೆ ಫರ್ಮ್‌ವೇರ್ ಹೊಸದಿದ್ರೆ ಸರಿಯಾಗಿ ನಡೀತದೆ. ಲೆನ್ಸ್ ಹಗುರ (415 ಗ್ರಾಂ), ಚೊಕ್ಕ, ಬೇರೆ ಬಾಡಿ ಇದ್ದಿದ್ರೆ ನಾನೇ ತಗೊಳ್ಳಿ ಅಂತಿದ್ದೆ.

ಇನ್ನೊಂದು ಗುಂಡಿ ಐತೆ. ನಿಮ್ಮ ಬಾಡಿಯೊಳಗೆ ಫೋಕಸ್ ಮೋಟಾರ್ ಇಲ್ಲ. ಬರೀ "ಎಎಫ್" ಅಥವಾ "ಎಎಫ್-ಡಿ" ಅಂತಿರೋ ಹಳೇ ನಿಕಾನ್ ಲೆನ್ಸ್, ಉದಾಹರಣೆಗೆ ಹಳೇ 80-400 ಡಿ, ಅಗ್ಗಕ್ಕೆ ಸಿಗ್ತದೆ ಅಂತ ತಗೊಂಡ್ರೆ ಕೈಯಲ್ಲೇ ತಿರುಗಿಸ್ತಾ ಕೂಡ್ಬೇಕು. ನಿಮಗೆ ಬೇಕಾಗಿದ್ದು ಹೆಸರಲ್ಲಿ "ಎಎಫ್-ಎಸ್" ಇರೋದು, ಅಂದ್ರೆ ಮೋಟಾರ್ ಲೆನ್ಸಿನೊಳಗೇ ಇರೋದು. ಟ್ಯಾಮ್ರಾನ್ ಆದ್ರೆ "ಯುಎಸ್‌ಡಿ", ಸಿಗ್ಮಾ ಆದ್ರೆ "ಎಚ್‌ಎಸ್‌ಎಂ".

ಭತ್ತದಗದ್ದಿ
ಛಲೋ ಆತು ಕೇಳಿದ್ದು. ಹಂಗಾರ 150-600 ಒಂದೇ ದಾರಿ ಅಂತೀರಾ?

ಮುನಿರಾಬಾದ್_ಮಿಂಚುಳ್ಳಿ (ಕೊಪ್ಪಳ)
ಇಲ್ರಿ. ಎಷ್ಟು ಎಂಎಂ ಅನ್ನೋಕಿಂತ ಮೊದ್ಲ ಹಕ್ಕಿ ಸೆನ್ಸರಿನ ಮ್ಯಾಲೆ ಎಷ್ಟು ದೊಡ್ಡದಾಗಿ ಬೀಳ್ತೈತಿ ಅಂತ ಲೆಕ್ಕ ಹಾಕ್ರಿ. ಸೂತ್ರ ಭಾಳ ಸರಳ ಐತಿ: ಫೋಕಲ್ ಲೆಂತ್ ಗುಣಿಸು ಹಕ್ಕಿ ಉದ್ದ, ಭಾಗಿಸು ದೂರ.

ಪಿಕಳಾರ ಸುಮಾರು 20 ಸೆಂ.ಮೀ. 12 ಮೀಟರ್ ದೂರ ಕುಂತೈತಿ ಅನ್ಕೋರಿ. 300 ಎಂಎಂನಾಗ ಸೆನ್ಸರ್ ಮ್ಯಾಲೆ 5 ಮಿ.ಮೀ. ಬೀಳ್ತೈತಿ. ಡಿ3200ರ ಸೆನ್ಸರ್ ಅಗಲ 23.2 ಮಿ.ಮೀ., ಅದರಾಗ 6016 ಪಿಕ್ಸೆಲ್, ಅಂದ್ರ ಮಿಲಿಮೀಟರಿಗೆ ಹತ್ರಹತ್ರ 260. ಹಕ್ಕಿ ಸಿಕ್ಕಿದ್ದು 1300 ಪಿಕ್ಸೆಲ್ ಉದ್ದ. 400 ಎಂಎಂ ಆದ್ರ 1730, 600 ಆದ್ರ 2600. ಗೋಡಿಗೆ ಹಾಕೋ ಸಣ್ಣ ಪ್ರಿಂಟಿಗೆ, ಫೋನಿನಾಗ ತೋರಿಸಾಕ 1300 ಧಾರಾಳ ಆತು.

ಈಗ ಹೆಬ್ಬಾತು. 75 ಸೆಂ.ಮೀ. ಹಕ್ಕಿ, ಹಿನ್ನೀರಿನಾಗ 150 ಮೀಟರ್ ಆಚಿಗೆ. 300ರಾಗ 390 ಪಿಕ್ಸೆಲ್, 600ರಾಗ 780. ದುಪ್ಪಟ್ಟು ರೊಕ್ಕ ಕೊಟ್ರೂ ಚಿತ್ರ ಕೈಗೆ ಬರಲಿಲ್ಲ. ಆದ್ರ ಪಿಕಳಾರ 12ರ ಬದಲು 6 ಮೀಟರಿಗೆ ಸಿಕ್ರ 300ರಾಗೇ 2600 ಪಿಕ್ಸೆಲ್. ದೂರ ಅರ್ಧ ಮಾಡಿದ್ದೂ ಲೆನ್ಸ್ ದುಪ್ಪಟ್ಟು ಮಾಡಿದ್ದೂ ಲೆಕ್ಕಕ್ಕ ಒಂದ.

ಎರೆಹೊಲ (ಸಿರುಗುಪ್ಪ)
ಕ್ರಾಪ್ ಫ್ಯಾಕ್ಟರ್ ಮರೆತ್ರಲ್ಲ. ಡಿ3200 ಮೇಲೆ 600 ಹಾಕಿದ್ರೆ 900 ಆಗ್ತದೆ.

ಮುನಿರಾಬಾದ್_ಮಿಂಚುಳ್ಳಿ
ಆಗಂಗಿಲ್ರಿ. ಲೆನ್ಸ್ 600ನ ಇರ್ತೈತಿ. ಸೆನ್ಸರ್ ಸಣ್ಣದಿರೋದ್ರಿಂದ ಸುತ್ತಲಿನ ದೃಶ್ಯ ಕತ್ತರಿಸಿ ಹೋಗ್ತೈತಿ, ಅಷ್ಟ. ಮ್ಯಾಲಿನ ಲೆಕ್ಕದಾಗ ಪಿಕ್ಸೆಲ್ ದಟ್ಟಣೆ ಆಗಲೇ ಬಂದೈತಿ, ಮತ್ತ 1.5ರಿಂದ ಗುಣಿಸಿದ್ರ ಒಂದನ್ನ ಎರಡು ಸಲ ಎಣಿಸಿದಂಗ. ಫುಲ್ ಫ್ರೇಮ್ 24 ಮೆಗಾಪಿಕ್ಸೆಲ್ ಬಾಡಿಯಾಗ ಮಿಲಿಮೀಟರಿಗೆ 167 ಪಿಕ್ಸೆಲ್ ಅಷ್ಟ. ನಿಮ್ಮ ಸಾದಾ ಡಿ3200 ಅಲ್ಲಿ ಗೆಲ್ತೈತಿ.

ಗೀಜಗ_ಗಂಗಾವತಿ
ಎಲ್ಲಾ ಪೋಸ್ಟಿನಲ್ಲೂ ಒಂದು ಮಾತು ಬಿಟ್ಟುಹೋಗಿದೆ: ನಮ್ಮ ಕಡೆ ಬೆಳಕಿಗೆ ಬರವಿಲ್ಲ, ತಿಳಿ ಗಾಳಿಗೆ ಬರ. ಲೆನ್ಸ್ ಆರಿಸುವಾಗ ಎರಡೂ ಲೆಕ್ಕಕ್ಕೆ ಬರಬೇಕು.

ಮೊದಲು ಬೆಳಕು. ಮಲೆನಾಡಿನವರು ಎಫ್/4 ಬೇಕು, ಎಫ್/2.8 ಬೇಕು (ಎಫ್ ಅಂಕಿ ಸಣ್ಣದಾದಷ್ಟೂ ಬೆಳಕು ಹೆಚ್ಚು) ಅಂತ ಒದ್ದಾಡುವುದಕ್ಕೆ ಕಾರಣ ಇದೆ, ಕಾಡಿನೊಳಗೆ ಕತ್ತಲು. ಇಲ್ಲಿ ಬಯಲು. ಬಿಸಿಲು ನೆತ್ತಿಗೇರಿದ ಮೇಲೆ ಎಫ್/16, ಐಎಸ್ಒ 100, 1/100 ಸೆಕೆಂಡ್ ಅನ್ನುವ ಹಳೆಯ ಲೆಕ್ಕ ನೇರ ಕೂಡುತ್ತದೆ. ಅದನ್ನೇ ಎಫ್/8ಕ್ಕೆ ತಂದರೆ ಐಎಸ್ಒ 400ರಲ್ಲಿ 1/1600 ಸಿಗುತ್ತದೆ, ಹಾರುವ ನೀಲಕಂಠವನ್ನು ನಿಲ್ಲಿಸಲು ಸಾಕು. ಬೆಳಿಗ್ಗೆ ಏಳರ ಹೊತ್ತಿಗೆ ಎರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ) ಕಡಿಮೆ ಅಂದುಕೊಂಡರೂ ಐಎಸ್ಒ 1600, ಡಿ3200 ತಡೆಯುತ್ತದೆ. ಹಾಗಾಗಿ ಎಫ್/5.6-6.3 ಲೆನ್ಸನ್ನು ಕೀಳಾಗಿ ನೋಡಬೇಕಿಲ್ಲ. ಒಂದು ಸ್ಟಾಪ್ ಮುಚ್ಚಿ ಎಫ್/8ರಲ್ಲೇ ಹೊಡೆಯಿರಿ. ಅಗ್ಗದ ಜೂಮ್‌ಗಳೆಲ್ಲ ತುದಿಯಲ್ಲಿ ಮಂಕು, ಎಫ್/8ಕ್ಕೆ ಚೇತರಿಸಿಕೊಳ್ಳುತ್ತವೆ.

ಇನ್ನು ಗಾಳಿ. ಎರೆ ನೆಲ ಕಪ್ಪು, ಬಿಸಿಲು ಬಿದ್ದ ತಕ್ಷಣ ಕಾಯುತ್ತದೆ. ಆನೆಗೊಂದಿ, ಹಂಪಿಯ ಬಂಡೆಗಳೂ ಅಷ್ಟೇ. ಬಿಸಿ ಗಾಳಿಯ ಪದರ ಅಲೆಅಲೆಯಾಗಿ ಮೇಲೇಳುತ್ತದೆ, ಆ ಅಲೆಯ ಮೂಲಕವೇ ಲೆನ್ಸ್ ನೋಡಬೇಕು. ಫಾಲ್ಗುಣ ಕಳೆದ ಮೇಲೆ ಬೆಳಿಗ್ಗೆ ಒಂಬತ್ತಾದರೆ ಎರೆ ಹೊಲದ ಮೇಲೆ ನೆಲಕ್ಕೆ ಸಮವಾಗಿ 60-70 ಮೀಟರ್ ಆಚೆ ನೋಡಿದ ಯಾವ ಚಿತ್ರವೂ ಚೂಪಾಗಿ ಬರುವುದಿಲ್ಲ. 600 ಇದ್ದವರಿಗೆ ದೊಡ್ಡದಾದ ಮಸುಕು, 300 ಇದ್ದವರಿಗೆ ಸಣ್ಣ ಮಸುಕು. ನೆಲದ ಹಕ್ಕಿಗಿಂತ ಮರದ ಮೇಲಿನ ಹಕ್ಕಿಗೆ ಇದರ ಕಾಟ ಕಡಿಮೆ. ಇನ್ನೊಂದು ವಿಚಿತ್ರ: ಚಳಿಗಾಲದ ನಸುಕಿನಲ್ಲಿ ಹಿನ್ನೀರು ಗಾಳಿಗಿಂತ ಬೆಚ್ಚಗಿರುತ್ತದೆ, ಆಗಲೂ ನೀರಿನ ಮೇಲೆ ಇದೇ ನಡುಕ. ತಂಪು ಹೊತ್ತು ಅಂತ ನಂಬಿ ಕೂರಬೇಡಿ.

ಕಾರಿನ ಕಿಟಕಿಯಿಂದ ತೆಗೆಯುವವರಿಗೆ: ಎಸಿ ಹಾಕಿಕೊಂಡು ಬಂದು ಗಾಜು ಇಳಿಸಿದ ಕೂಡಲೇ ಹೊಡೆದರೆ ಕಿಟಕಿಯಲ್ಲೇ ತಂಪು-ಬಿಸಿ ಗಾಳಿ ಕಲೆಯುತ್ತದೆ. ಎಂಜಿನ್ ಆಫ್ ಮಾಡಿ, ಗಾಜುಗಳನ್ನೆಲ್ಲ ಇಳಿಸಿ, ನಾಲ್ಕೈದು ನಿಮಿಷ ಬಿಡಿ. ಬಾನೆಟ್ ಮೇಲಿಂದ ಹಾಯುವ ನೋಟ ಬೇಡವೇ ಬೇಡ.

ಎರೆಹೊಲ
ಚಿತ್ರ ಮಸುಕಾದಾಗ ಅದು ಗಾಳಿದೋ, ಕೈ ನಡುಕದ್ದೋ, ಫೋಕಸ್ಸಿಂದೋ ಹೆಂಗೆ ಗೊತ್ತಾಗ್ತದೆ? ಎಲ್ಲಾದಕ್ಕೂ ಲೆನ್ಸಿನ ಮೇಲೇ ಹಾಕ್ತಾರೆ ಜನ.

ಗೀಜಗ_ಗಂಗಾವತಿ
ಒಂದೇ ಜಾಗದ ಹಕ್ಕಿಗೆ ಹತ್ತು ಚಿತ್ರ ಸತತ ಹೊಡೆದು ನೂರಕ್ಕೆ ನೂರು ದೊಡ್ಡದು ಮಾಡಿ ನೋಡಿ. ಹತ್ತೂ ಒಂದೊಂದು ಥರ ಇದ್ದು, ಕೊಕ್ಕಿನ ಗೆರೆ ಒಂದರಲ್ಲಿ ನೆಟ್ಟಗೆ ಇನ್ನೊಂದರಲ್ಲಿ ಸೊಟ್ಟ ಕಂಡರೆ ಗಾಳಿ. ಕಣ್ಣಿನ ಹೊಳಪಿನ ಚುಕ್ಕಿ ಒಂದು ದಿಕ್ಕಿಗೆ ಗೀಟಾಗಿ ಎಳೆದಿದ್ದರೆ ಕೈ ನಡುಕ, ಶಟರ್ ಏರಿಸಬೇಕು. ಹಕ್ಕಿ ಮಂಕಾಗಿದ್ದು ಅದರ ಮುಂದಿನದೋ ಹಿಂದಿನದೋ ಹುಲ್ಲು ಚೂಪಾಗಿದ್ದರೆ ಫೋಕಸ್ ತಪ್ಪಿದೆ. ಹತ್ತೂ ಒಂದೇ ಸಮ ಮಂಕಾಗಿ, ಎಲ್ಲಿಯೂ ಚೂಪು ಇಲ್ಲದಿದ್ದರೆ ಮಾತ್ರ ಲೆನ್ಸನ್ನು ಅನುಮಾನಿಸಿ. ಅದಕ್ಕೂ ಮೊದಲು ಮುಂದಿನ ಫಿಲ್ಟರ್ ಬಿಚ್ಚಿ ಇನ್ನೊಂದು ಸಲ ಹೊಡೆಯಿರಿ. ಅಗ್ಗದ ಯುವಿ ಫಿಲ್ಟರ್ 300 ಎಂಎಂ ದಾಟಿದ ಮೇಲೆ ಚಿತ್ರ ಕೆಡಿಸುವುದು ಮಾಮೂಲು.

ಬಂಡೆಗೂಬೆ
ಗಾಳಿ ಮಾತು ಒಪ್ಪಿದೆ, ಆದ್ರೂ 600 ಬೇಡ ಅನ್ನೋದನ್ನ ಒಪ್ಪಲ್ಲ. ದರೋಜಿ ವಾಚ್ ಟವರಿಂದ ಹತ್ರ ಹೋಗೋ ದಾರಿನೇ ಇಲ್ಲ. ಅಂಕಸಮುದ್ರದಲ್ಲಿ (ಈಗ ವಿಜಯನಗರ ಜಿಲ್ಲೆ, 2024ರಲ್ಲಿ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೂ ಸೇರ್ತು) ಕೆರೆಯೊಳಗಿನ ಕರಿಜಾಲಿ ಮರದ ಮೇಲೆ ಬಣ್ಣದ ಕೊಕ್ಕರೆ ಗೂಡು ಕಟ್ತದೆ, ನೀವು ಏರಿ ಮೇಲೇ ನಿಲ್ಬೇಕು. ಅಲ್ಲಿ "ದೂರ ಅರ್ಧ ಮಾಡಿ" ಅನ್ನೋದು ನಡೆಯಲ್ಲ.

ಮುನಿರಾಬಾದ್_ಮಿಂಚುಳ್ಳಿ
ಅಂಕಸಮುದ್ರಕ್ಕ 600 ಬೇಕು ಅನ್ನಾಕ ಕಾರಣ ಇಲ್ರಿ. ಬಣ್ಣದ ಕೊಕ್ಕರೆ ಹತ್ರಹತ್ರ ಒಂದು ಮೀಟರ್ ಹಕ್ಕಿ. 60 ಮೀಟರಿನಾಗ 300ಕ್ಕ 1300 ಪಿಕ್ಸೆಲ್ ಬರ್ತೈತಿ. ದರೋಜಿ ಮಾತು ಖರೇ.

ಭತ್ತದಗದ್ದಿ
ಹಂಗಾರ ಹಳೇ 150-600 ಬಗ್ಗೆ ಹೇಳ್ರಿ. ಹೈದರಾಬಾದಿನವರದು ಜಿ1 ಅಂತ. ಜಿ2, ಸಿಗ್ಮಾ ಇವಕ್ಕೂ ಅದಕ್ಕೂ ಏನ್ ಫರಕು?

ಬಂಡೆಗೂಬೆ
ಟ್ಯಾಮ್ರಾನ್ ಜಿ1 (ಎ011) 2013ರದ್ದು, 1951 ಗ್ರಾಂ, 2.7 ಮೀಟರಿಗಿಂತ ಹತ್ರ ಫೋಕಸ್ ಆಗಲ್ಲ. ಜಿ2 (ಎ022) 2016ರದ್ದು, ಫೋಕಸ್ ಚುರುಕು, 2.2 ಮೀಟರ್ ತನಕ ಬರ್ತದೆ, ಜೂಮನ್ನ ಎಲ್ಲಿ ಬೇಕಾದ್ರೂ ಲಾಕ್ ಮಾಡಬಹುದು. ಜಿ1ನಲ್ಲಿ 150ಕ್ಕೆ ಮಾತ್ರ ಲಾಕ್. ಸಿಗ್ಮಾ ಕಾಂಟೆಂಪರರಿ 2015ರದ್ದು, 1930 ಗ್ರಾಂ. ಸಿಗ್ಮಾ ಸ್ಪೋರ್ಟ್ಸ್ 2860 ಗ್ರಾಂ, ಅದರ ತಂಟೆಗೆ ಹೋಗ್ಬೇಡಿ. ನಿಕಾನ್ 200-500 ಎಫ್/5.6 ಕಾಲರ್ (ಟ್ರೈಪಾಡಿಗೆ ಕೂರಿಸೋ ಪಟ್ಟಿ) ಸೇರಿ 2300 ಗ್ರಾಂ, ನಿಮ್ಮ ಬಾಡಿಗೆ ಪೂರಾ ಹೊಂದ್ತದೆ, ಬಜೆಟ್ಟಿಗೆ ಹೊಂದಲ್ಲ.

ನಿಮಗೆ ನಿಜವಾಗಿ ಫರಕು ಬೀಳೋದು ಬೇರೆ ಕಡೆ. ಡಿ3200ರಲ್ಲಿ ಎಎಫ್ ಫೈನ್ ಟ್ಯೂನ್ (ಫೋಕಸ್ ಹಿಂದೆ-ಮುಂದೆ ಸರಿಪಡಿಸೋ ಸೆಟಿಂಗ್) ಇಲ್ಲ. ಲೆನ್ಸು ಬಾಡಿ ಜೋಡಿ ಸೇರಿ ಫೋಕಸ್ ನಾಲ್ಕು ಬೆರಳು ಹಿಂದೆ ಬಿದ್ರೆ ಬಾಡಿಯಲ್ಲಿ ಸರಿ ಮಾಡೋಕೆ ಆಗಲ್ಲ. ಸಿಗ್ಮಾಕ್ಕೆ ಯುಎಸ್‌ಬಿ ಡಾಕ್, ಜಿ2ಗೆ ಟ್ಯಾಪ್-ಇನ್ ಕನ್ಸೋಲ್ ಇದೆ, ಲೆನ್ಸಿನಲ್ಲೇ ಸರಿ ಮಾಡಬಹುದು. ಜಿ1ಗೆ ಎರಡೂ ಇಲ್ಲ. ಹಂಗಾಗಿ ಜಿ1 ತಗೊಳ್ಳೋದಾದ್ರೆ ನಿಮ್ಮ ಬಾಡಿ ಒಯ್ದು, ಅದರ ಮೇಲೇ ಹಾಕಿ ನೋಡದೆ ಒಂದು ರೂಪಾಯಿನೂ ಕೊಡ್ಬೇಡಿ. ಕೊರಿಯರ್ ವ್ಯವಹಾರ ಬೇಡ.

ಭತ್ತದಗದ್ದಿ
ನೋಡೋದು ಹ್ಯಾಂಗ? ಅಂಗಡಿಯಾಗ ಹತ್ತು ನಿಮಿಷ ಸಿಗ್ತದ ಅಷ್ಟೇ.

ಗೀಜಗ_ಗಂಗಾವತಿ
ಹತ್ತು ನಿಮಿಷ ಸಾಲದು, ಅರ್ಧ ಗಂಟೆ ಕೇಳಿ. ಕೊಡಲ್ಲ ಅಂದರೆ ಬಿಟ್ಟು ಬನ್ನಿ.

ಮೊದಲು ಹೊರಗಿನದು. ಮೌಂಟಿನ ಲೋಹದ ಉಂಗುರ, ಅದರ ಸ್ಕ್ರೂ ತಲೆ ನೋಡಿ. ಸ್ಕ್ರೂ ತಲೆ ಕಿತ್ತಿದ್ದರೆ ಯಾರೋ ಬಿಚ್ಚಿದ್ದಾರೆ. ಲೆನ್ಸ್ ಪೂರ್ತಿ ಚಾಚಿ ತುದಿಯನ್ನು ಎರಡು ಬೆರಳಲ್ಲಿ ಮೆಲ್ಲಗೆ ಅಲ್ಲಾಡಿಸಿ. ಕೂದಲೆಳೆಯಷ್ಟು ಆಟ ಸಹಜ, ಕಟಕಟ ಅಂದರೆ ಬಿದ್ದಿರುವ ಲೆನ್ಸ್. ಕಾಲರಿನ ಕಾಲು ಬಿರುಕು ಬಿಟ್ಟಿದೆಯಾ ಅಂತಲೂ ನೋಡಿ.

ಎರಡೂ ಕ್ಯಾಪ್ ತೆಗೆದು ಫೋನಿನ ಟಾರ್ಚನ್ನು ಹಿಂದಿನಿಂದ ಓರೆಯಾಗಿ ಹಾಯಿಸಿ ಮುಂದಿನಿಂದ ನೋಡಿ. ದೂಳಿನ ಚುಕ್ಕಿ ಇದ್ದೇ ಇರುತ್ತದೆ, ಚಿಂತೆ ಇಲ್ಲ. ಜೇಡರ ಬಲೆಯಂಥ ಎಳೆ ಕಂಡರೆ ಫಂಗಸ್. ಇಡೀ ಗಾಜು ಮಬ್ಬು ಹಾಲಿನಂತೆ ಹೊಳೆದರೆ ಹೇಜ್. ಎರಡಕ್ಕೂ ದಂಡ ಕಟ್ಟಬೇಡಿ. ನಮ್ಮ ಕಡೆಯ ಲೆನ್ಸಿಗಿಂತ ಕರಾವಳಿಯಿಂದ ಬಂದದ್ದರಲ್ಲಿ ಫಂಗಸ್ ಹೆಚ್ಚು. ತೋರಣಗಲ್ಲು, ಸಂಡೂರು ಕಡೆಯ ಲೆನ್ಸ್ ಆದರೆ ಜೂಮ್ ರಿಂಗಿನ ಸಂದಿಯಲ್ಲಿ ಕೆಂಪು ಅದಿರು ದೂಳು ಕೂತಿದೆಯಾ ನೋಡಿ, ತಿರುಗಿಸಿದಾಗ ಮರಳು ಅರೆದಂತೆ ಕೈಗೆ ತಿಳಿಯುತ್ತದೆ.

ಆಮೇಲೆ ಬಾಡಿಗೆ ಹಾಕಿ. ಅಂಗಡಿ ಹೊರಗೆ ಬಂದು 12-15 ಮೀಟರ್ ದೂರದ ಸೈನ್ ಬೋರ್ಡಿನ ಸಣ್ಣ ಅಕ್ಷರಕ್ಕೆ 600 ಎಂಎಂ, ಎಫ್/6.3, 1/1000ದಲ್ಲಿ ವ್ಯೂಫೈಂಡರ್ ಮೂಲಕ ಐದು ಚಿತ್ರ. ಪ್ರತಿ ಸಲ ಫೋಕಸ್ ಪೂರ್ತಿ ಕೆಡಿಸಿ ಹೊಸದಾಗಿ ಹಿಡಿಯಬೇಕು. ಅದೇ ಬೋರ್ಡಿಗೆ ಲೈವ್ ವ್ಯೂನಲ್ಲಿ (ಹಿಂದಿನ ಪರದೆ ನೋಡಿಕೊಂಡು) ಐದು. ಲೈವ್ ವ್ಯೂ ಚೂಪಾಗಿ, ವ್ಯೂಫೈಂಡರಿನದು ಐದೂ ಮಂಕಾಗಿದ್ದರೆ ಅದೇ ಫ್ರಂಟ್-ಬ್ಯಾಕ್ ಫೋಕಸ್ ರೋಗ, ಡಿ3200ಕ್ಕೆ ಆ ಜಿ1 ಆಗಿಬರುವುದಿಲ್ಲ. ಎರಡೂ ಮಂಕು ಅಂದರೆ ಲೆನ್ಸೇ ಮಂಕು. ಕೊನೆಗೆ ಬೋರ್ಡನ್ನು ಫ್ರೇಮಿನ ಎಡ ತುದಿಗೆ ಒಂದು, ಬಲ ತುದಿಗೆ ಒಂದು ಇಟ್ಟು ಲೈವ್ ವ್ಯೂನಲ್ಲಿ ಹೊಡೆಯಿರಿ. ಒಂದು ಕಡೆ ಚೂಪು, ಇನ್ನೊಂದು ಕಡೆ ಕರಗಿದಂತಿದ್ದರೆ ಒಳಗಿನ ಗಾಜು ಓರೆಯಾಗಿದೆ. ಲ್ಯಾಪ್‌ಟಾಪಿನಲ್ಲಿ ನೋಡಿಯೇ ಮಾತು ಕೊಡಿ, ಕ್ಯಾಮೆರಾ ಪರದೆ ಎಲ್ಲವನ್ನೂ ಚೆಂದ ಕಾಣಿಸುತ್ತದೆ.

ವಿಸಿ (ಟ್ಯಾಮ್ರಾನ್‌ನ ಕೈ ನಡುಕ ತಡೆ) ಆನ್ ಮಾಡಿ ಶಟರ್ ಅರ್ಧ ಒತ್ತಿದರೆ ವ್ಯೂಫೈಂಡರ್ ಚಿತ್ರ ಒಂದು ಜಗ್ಗು ಜಗ್ಗಿ ನಿಲ್ಲಬೇಕು. ನಿಲ್ಲದೆ ಎಗರುತ್ತಿದ್ದರೆ ವಿಸಿ ಹೋಗಿದೆ. ಬಿಲ್ಲಿನ ಸೀರಿಯಲ್ ನಂಬರಿಗೂ ಲೆನ್ಸಿನ ನಂಬರಿಗೂ ತಾಳೆ ನೋಡಿ.

ಎರೆಹೊಲ
ಇಷ್ಟೆಲ್ಲಾ ತಾಪತ್ರಯ ಯಾಕೆ? ನಿಕಾನ್ ಪಿ950 ಥರದ ಕ್ಯಾಮೆರಾ ತಗೊಂಡ್ರೆ 2000 ಎಂಎಂ ಬರ್ತದಲ್ಲ, ಲೆನ್ಸ್ ಬದಲಾಯಿಸೋ ಗೋಜೂ ಇಲ್ಲ.

ಮುನಿರಾಬಾದ್_ಮಿಂಚುಳ್ಳಿ
ಅದರ ಖರೇ ಲೆನ್ಸ್ 357 ಎಂಎಂ, ಎಫ್/6.5. ಸೆನ್ಸರ್ ಉಗುರಿನಷ್ಟ, ಅಗಲ 6.2 ಮಿ.ಮೀ. ಕೂಡ ಇಲ್ಲ. ಕುಂತ ಹಕ್ಕಿ, ಒಳ್ಳೆ ಬಿಸಿಲು, 20 ಮೀಟರ್ ಒಳಗ ಅಂದ್ರ ಖರೇನ ಛಲೋ ಚಿತ್ರ ಬರ್ತೈತಿ. ಹಕ್ಕಿ ಗುರುತು ಹಿಡಿಯಾಕ, ದಾಖಲಿ ಇಡಾಕ ಅದರಂಥಾದ್ದು ಇಲ್ಲ. ಆದ್ರ ಐಎಸ್ಒ 400 ದಾಟಿದ ಮ್ಯಾಲೆ ಪುಕ್ಕದ ವಿವರ ಅಳಿಸಿಹೋಗ್ತೈತಿ. ಹಾರೋ ಹಕ್ಕಿನ್ನ ಫ್ರೇಮಿನಾಗ ಹುಡುಕೋದರಾಗ ಹಕ್ಕಿ ಊರು ದಾಟಿರ್ತೈತಿ. ಮ್ಯಾಲೆ ಹೇಳಿದ ಬಿಸಿ ಗಾಳಿ ಅದಕ್ಕೂ ಬಿಡಂಗಿಲ್ಲ.

ಎರೆಹೊಲ
ಸರಿ ಬಿಡಿ. ಆನ್‌ಲೈನಲ್ಲಿ 420-800 ಅಂತ ಸಸ್ತಾ ಲೆನ್ಸ್ ಬರ್ತದಲ್ಲ, ಅದು?

ಬಂಡೆಗೂಬೆ
ಎಫ್/8.3ರಿಂದ 16, ಆಟೋ ಫೋಕಸ್ ಇಲ್ಲ, ಸ್ಟೆಬಿಲೈಸೇಶನ್ ಇಲ್ಲ. ಡಿ3200 ಮೇಲೆ ಮೀಟರಿಂಗೂ ನಡೆಯಲ್ಲ. ಚಂದ್ರನ್ನ ತೆಗೀರಿ ಅದರಲ್ಲಿ.

ಗೀಜಗ_ಗಂಗಾವತಿ
ಗಂಭೀರವಾಗಿ ಇನ್ನೆರಡು ದಾರಿ ಇವೆ. ಒಂದು, ಹಳೇ ಎಎಫ್-ಎಸ್ 70-300 ಎಫ್/4.5-5.6 ವಿಆರ್ (ನಿಕಾನ್‌ನ ಕೈ ನಡುಕ ತಡೆ), 2006ರದ್ದು, 745 ಗ್ರಾಂ, 67 ಎಂಎಂ ಫಿಲ್ಟರ್. ಡಿ3200 ಮೇಲೆ ಪೂರ್ತಿ ನಡೆಯುತ್ತದೆ, 1.5 ಮೀಟರ್ ತನಕ ಫೋಕಸ್. 300ರ ತುದಿಯಲ್ಲಿ ತುಸು ಮೆದು, ಎಫ್/8ಕ್ಕೆ ಹಾಕಿದರೆ ಸರಿ. ಬಜೆಟ್ಟಿನಲ್ಲಿ ಅರ್ಧ ಉಳಿಯುತ್ತದೆ. ಇದೇ ಅಳತೆಯ ಟ್ಯಾಮ್ರಾನ್ 70-300 ವಿಸಿ ಯುಎಸ್‌ಡಿ ಕೂಡ ಒಳ್ಳೆಯದು. ಆದರೆ ಹುಷಾರು, ವಿಸಿ ಇಲ್ಲದ ಅಗ್ಗದ ಟ್ಯಾಮ್ರಾನ್ 70-300 ಇನ್ನೊಂದಿದೆ, ಅಂಗಡಿಯವರು ಎರಡನ್ನೂ ಒಂದೇ ಹೆಸರಲ್ಲಿ ಹೇಳುತ್ತಾರೆ.

ಎರಡು, ಎಎಫ್-ಎಸ್ 300 ಎಫ್/4 ಡಿ. ಇದು ಪ್ರೈಮ್ (ಜೂಮ್ ಇಲ್ಲದ್ದು), 1440 ಗ್ರಾಂ, ವಿಆರ್ ಇಲ್ಲ. ಎಫ್/4ರಲ್ಲೇ ಚೂಪು, ಜೂಮಿನ ಹತ್ತಿರ ಹೋಲಿಸಲೇಬಾರದು. ಟಿಸಿ-14ಇ ಕನ್ವರ್ಟರ್ (ಲೆನ್ಸಿಗೂ ಬಾಡಿಗೂ ನಡುವೆ ಹಾಕಿ 1.4 ಪಟ್ಟು ಹಿಗ್ಗಿಸುವುದು) ಸೇರಿಸಿದರೆ ಒಂದು ಸ್ಟಾಪ್ ಹೋಗಿ 420 ಎಫ್/5.6 ಆಗುತ್ತದೆ, ಫೋಕಸ್ ನಡೆಯುತ್ತದೆ. ಜೂಮ್ ಚಾಚುವುದಿಲ್ಲವಾದ್ದರಿಂದ ದೂಳು ಒಳಗೆ ಎಳೆದುಕೊಳ್ಳುವುದು ಕಡಿಮೆ, ನಮ್ಮ ಕಡೆಗೆ ಇದು ಸಣ್ಣ ಮಾತಲ್ಲ. ಕೆಟ್ಟದ್ದು ಅಂದರೆ ಕಾಲರ್ ಸಡಿಲ, ಮತ್ತು ಹಳೆಯದಾದ್ದರಿಂದ ಫೋಕಸ್ ಮೋಟಾರ್ ಕಿರುಗುಟ್ಟುತ್ತಿದ್ದರೆ ಬಿಡಿಭಾಗ ಸಿಗುವುದು ಕಷ್ಟ. ಕಿರ್ ಅಂದರೆ ಮುಟ್ಟಬೇಡಿ.

ಬಂಡೆಗೂಬೆ
ವಿಆರ್ ಇಲ್ಲದ್ದನ್ನ ಹೊಸಬರಿಗೆ ಹೇಳೋದಾ?

ಗೀಜಗ_ಗಂಗಾವತಿ
1/1000 ಮೇಲೆ ವಿಆರ್ ಇದ್ದೂ ಇಲ್ಲದಂತೆ. ಇಲ್ಲಿಯ ಬೆಳಕಿನಲ್ಲಿ 1/1000 ಸಿಗದ ಹೊತ್ತು ಸೂರ್ಯ ಹುಟ್ಟುವ ಮುಂಚಿನದು, ಮುಳುಗಿದ ಮೇಲಿನದು ಅಷ್ಟೇ. ವಿಆರ್ ಹಕ್ಕಿಯ ಚಲನೆಯನ್ನು ನಿಲ್ಲಿಸುವುದೂ ಇಲ್ಲ. ಬೀನ್ ಬ್ಯಾಗ್ ಇದ್ದರೆ ಸಾಕು.

ಭತ್ತದಗದ್ದಿ
ಬೀನ್ ಬ್ಯಾಗ್ ಒಳಗ ಏನ್ ತುಂಬಬೇಕು? ನಮ್ಮಲ್ಲಿ ಭತ್ತ ಬೇಕಾದಷ್ಟು ಅದ.

ಮುನಿರಾಬಾದ್_ಮಿಂಚುಳ್ಳಿ
ಭತ್ತ ಬ್ಯಾಡ್ರಿ. ಮುಳ್ಳು ಬಟ್ಟಿ ತೂರಿ ಬರ್ತಾವು, ತೌಡು ಉದುರಿ ಲೆನ್ಸಿಗೆ ಹತ್ತತೈತಿ. ಬಿಳಿಜೋಳ ತುಂಬ್ರಿ. ಕಾಳು ದುಂಡಗ ಇರೋದರಿಂದ ಲೆನ್ಸ್ ಇಟ್ಟ ಕೂಡ್ಲೆ ಅದರ ಆಕಾರಕ್ಕ ಕುಂದರ್ತೈತಿ. ಹಳೇ ಜೀನ್ಸ್ ಪ್ಯಾಂಟಿನ ಕಾಲು ಎರಡು ಪದರ ಮಾಡಿ ಹೊಲಿಸ್ರಿ, ಎರಡೂವರೆ ಕೆ.ಜಿ. ಜೋಳ, ಮುಕ್ಕಾಲು ಭಾಗ ಮಾತ್ರ ತುಂಬಬೇಕು. ಪೂರಾ ತುಂಬಿದ್ರ ಕಲ್ಲಾಗಿ ಲೆನ್ಸ್ ಉರುಳ್ತೈತಿ. ಮಳಿಗಾಲಕ್ಕ ಜೋಳ ಬದಲಿಸ್ರಿ, ನುಸಿ ಹಿಡಿತೈತಿ.

ಮೇಲ್ವಿಚಾರಕ
ಸಿರುಗುಪ್ಪ ಕಡೆಯ ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಎಲ್ಲಿ ಕಾಣುತ್ತದೆ ಅಂತ ಕೇಳಿದ ಎರಡು ಕಾಮೆಂಟ್ ತೆಗೆಯಲಾಗಿದೆ. ಬೆರಳೆಣಿಕೆಯಷ್ಟೇ ಉಳಿದ ಹಕ್ಕಿ, ಹೊಲದ ಹೆಸರು, ಮ್ಯಾಪ್ ಪಿನ್ ಯಾವುದೂ ಇಲ್ಲಿ ಬೇಡ. ಗೂಡಿನ ಚಿತ್ರಕ್ಕೂ ಇದೇ ನಿಯಮ.

ಭತ್ತದಗದ್ದಿ
ಸರಿ, ಹಳೇ ಎಎಫ್-ಎಸ್ 70-300 ವಿಆರ್ ಹುಡುಕ್ತೀನಿ. 300 ಎಫ್/4 ಸಿಕ್ರ ಅದನ್ನ ಮೊದ್ಲು ನೋಡ್ತೀನಿ. ಸೆಟಿಂಗ್ ಒಂದು ಹೇಳಿಬಿಡ್ರಿ, ಡಿ3200ಕ್ಕ ಅಂತಲೇ.

ಬಂಡೆಗೂಬೆ
ಮೋಡ್ ಎಂ (ಮ್ಯಾನುವಲ್), ಎಫ್/8, ಕುಂತ ಹಕ್ಕಿಗೆ 1/800, ಹಾರೋದಕ್ಕೆ 1/1600. ಐಎಸ್ಒ ಆಟೋ, ಮಿತಿ 1600. ಫೋಕಸ್ ಎಎಫ್-ಸಿ (ಸತತ ಫೋಕಸ್), ನಡುವಿನ ಒಂದೇ ಪಾಯಿಂಟ್. ಹನ್ನೊಂದು ಪಾಯಿಂಟಿನಲ್ಲಿ ಅಡ್ಡ-ಉದ್ದ ಎರಡೂ ಗೆರೆ ನೋಡೋದು ನಡುವಿನದೊಂದೇ, ಉಳಿದವು ಮರೆತುಬಿಡಿ. ಮೆನುವಿನಲ್ಲಿ ಬಟನ್ಸ್ ಒಳಗೆ ಹೋಗಿ ಎಇ-ಎಲ್/ಎಎಫ್-ಎಲ್ ಬಟನ್ನಿಗೆ ಎಎಫ್-ಆನ್ ಕೊಡಿ, ಹೆಬ್ಬೆರಳಲ್ಲಿ ಫೋಕಸ್, ತೋರು ಬೆರಳಲ್ಲಿ ಶಟರ್. ಕಳ್ಳಿಪೀರ ಕುಂತ ತಂತಿಗೇ ತಿರುಗಿ ಬರ್ತದೆ. ತಂತಿಗೆ ಫೋಕಸ್ ಹಿಡಿದು ಹೆಬ್ಬೆರಳು ಬಿಟ್ಟು ಕಾದ್ರೆ ಸಾಕು. ರಾ (ಕಚ್ಚಾ ಫೈಲ್) ಒಂದೇ ಇಡಿ, ಜೊತೆಗೆ ಜೆಪೆಗ್ ಹಾಕಿದ್ರೆ ಬಫರ್ (ಕ್ಯಾಮೆರಾದ ತಾತ್ಕಾಲಿಕ ಮೆಮೊರಿ) ತುಂಬಿ ಬೇಕಾದ ಹೊತ್ತಿಗೆ ಕ್ಯಾಮೆರಾ ನಿಂತುಬಿಡ್ತದೆ. ಬೆಳ್ಳಕ್ಕಿಗೆ ಎಕ್ಸ್‌ಪೋಶರ್ ಮುಕ್ಕಾಲು ಸ್ಟಾಪ್ ಇಳಿಸಿ, ಇಲ್ಲಾಂದ್ರೆ ಪುಕ್ಕ ಸುಣ್ಣದ ಗೋಡೆ ಆಗ್ತದೆ.

ಗೀಜಗ_ಗಂಗಾವತಿ
ಉಳಿದ ದುಡ್ಡಿನಲ್ಲಿ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, 200 ಗ್ರಾಂ ಸಿಲಿಕಾ ಜೆಲ್, ಗಾಳಿ ಊದುವ ರಬ್ಬರ್ ಬ್ಲೋವರ್ ತಗೊಳ್ಳಿ. ಹೊಲದಲ್ಲಿ ಲೆನ್ಸ್ ಬದಲಿಸಬೇಡಿ. ಬದಲಿಸಲೇಬೇಕಾದರೆ ಗಾಳಿಗೆ ಬೆನ್ನು ಹಾಕಿ, ಬಾಡಿಯ ಬಾಯಿ ಕೆಳಗೆ ಮಾಡಿ. ಮುಂದಿನ ಗಾಜಿನ ಮೇಲೆ ಎರೆ ದೂಳು ಕೂತಾಗ ಬಟ್ಟೆಯಲ್ಲಿ ಒರೆಸಿದರೆ ಗೀರು ಬೀಳುತ್ತದೆ, ಮೊದಲು ಊದಿ, ಆಮೇಲೆ ಬ್ರಷ್, ಒರೆಸುವುದು ಕೊನೆಗೆ.

ಎರೆಹೊಲ
300 ಎಫ್/4ಕ್ಕೆ ಹುಡ್ (ಮುಂದಿನ ಬಿಸಿಲು ತಡೆಯೋ ಕೊಳವೆ) ಬೇರೆ ತಗೋಬೇಕಾ?

ಗೀಜಗ_ಗಂಗಾವತಿ
ಬೇಡ, ಲೆನ್ಸಿನಲ್ಲೇ ಇದೆ, ಎಳೆದರೆ ಹೊರಗೆ ಬರುತ್ತದೆ. ಹಳೆಯದರಲ್ಲಿ ಅದು ಸಡಿಲವಾಗಿ ತಾನೇ ಒಳಗೆ ಜಾರುತ್ತದೆ, ಒಂದು ಅಗಲ ರಬ್ಬರ್ ಬ್ಯಾಂಡ್ ಹಾಕಿಕೊಳ್ಳಿ.